ಹಾನಗಲ್ಲಿನ ನಲವತ್ತೊಂದು ಕಲ್ಲುಗಳು

ಹಿರೇಕೆರೂರು, ೧೯೪೬ನೆಯ ಫೆಬ್ರವರಿ ೧೦, ಆದಿತ್ಯವಾರ. ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಬರೆಯಲು ಕುಳಿತೆ.

ಸರಿಯಾಗಿ ಎಣಿಸಿದ ಒಬ್ಬ ಮುದುಕನನ್ನು ನಾನು ನಾಲ್ಕು ಜನರ ಮುಂದೆ ಎಣಿಕೆ ಬಾರದವನೆಂದು ಹೇಳಿದೆ. ಎರಡು ಗಂಟೆಯೊಳಗೆ ಅವನ ಎಣಿಕೆಯೇ ಸರಿಯೆಂದು ನನಗೆ ತಿಳಿಯಿತು. ಆಡಿದ್ದನ್ನು ತಿದ್ದಿಕೊಳ್ಳಲು ನನಗೆ ಒಂದು ಗಂಟೆ ಇಪ್ಪತ್ತೈದು ನಿಮಿಷಗಳ ಸಮಯವಿತ್ತು. ನಾನು ತಿದ್ದಿಕೊಳ್ಳಲಿಲ್ಲ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಮುಂದೆ ಬರೆಯಲಿರುವುದರಲ್ಲಿ ಬೆರಗಿನ ಮಾತೇ ಹೆಚ್ಚು — ಆ ದಿನದಷ್ಟು ಬೆರಗನ್ನು ನಾನು ಮತ್ತೆ ಯಾವ ದಿನವೂ ಉಂಡಿಲ್ಲ — ಆ ಬೆರಗಿನ ಮರೆಯಲ್ಲಿ ನನ್ನ ತಪ್ಪು ಸಣ್ಣದಾಗಿ ಕಾಣಬಾರದು.

ಆ ದಿನ ೧೯೩೭ನೆಯ ಜನವರಿ ೧೯. ನನಗೆ ಹತ್ತೊಂಬತ್ತು ವರ್ಷ. ಶಿಗ್ಗಾಂವಿ ತಾಲೂಕಿನ ತಡಸ ನನ್ನ ಊರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿ, ಮಾಸ್ತರಿಕೆಗೆ ಅರ್ಜಿ ಹಾಕಿ, ಅಪ್ಪನ ಹೊಲದಲ್ಲಿ ಕೈಲಾದ ಕೆಲಸ ಮಾಡಿಕೊಂಡಿದ್ದೆ. ಕಂದು ರಟ್ಟಿನ ಒಂದು ದಿನಚರಿ ಪುಸ್ತಕ ಯಾವಾಗಲೂ ನನ್ನ ಕೈಯಲ್ಲಿರುತ್ತಿತ್ತು. ಅದರಲ್ಲಿ ಮೂರು ಗೆರೆ ಎಳೆದು ಗಂಟೆ, ಸ್ಥಳ, ಎಣಿಕೆ ಎಂದು ಬರೆಯುತ್ತಿದ್ದೆ. ಬಾವಿಯ ಮೆಟ್ಟಿಲು, ದಾರಿಯ ಮೈಲಿಗಲ್ಲು, ಹೊಲದ ಬಣವೆ, ಯಾವುದನ್ನೂ ಎಣಿಸದೆ ಬಿಡುತ್ತಿರಲಿಲ್ಲ. ಅವ್ವ ನಗುತ್ತಿದ್ದಳು: "ಇಂವ ಅನ್ನದ ಅಗುಳೂ ಎಣಿಸಿ ಉಣ್ಣಾಂವ."

ಹಾನಗಲ್ಲು ಒಂದು ಕಾಲಕ್ಕೆ ಕದಂಬ ಅರಸರ ರಾಜಧಾನಿಯಾಗಿತ್ತೆಂದು ಶಾಲೆಯಲ್ಲಿ ಓದಿದ್ದೆ. ಊರವರು ಇನ್ನೂ ಹಿಂದಕ್ಕೆ ಹೋಗಿ ಅದು ವಿರಾಟರಾಯನ ಪಟ್ಟಣ, ಪಾಂಡವರು ವೇಷ ಮರೆಸಿಕೊಂಡಿದ್ದು ಅಲ್ಲಿಯೇ ಎನ್ನುತ್ತಾರೆ. ನಮ್ಮೂರಿನಿಂದ ಮೋಟಾರಿನಲ್ಲಿ ಎರಡು ಗಂಟೆಯ ದಾರಿ. ಆದರೂ ನಾನು ಒಮ್ಮೆಯೂ ನೋಡಿರಲಿಲ್ಲ. ಒಬ್ಬನೇ ಹೋಗಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ರಾಜಧಾನಿಯನ್ನು ಎಣಿಸಿ ಬರಬೇಕೆಂದು ನಿಶ್ಚಯಿಸಿದೆ. ಹಿಂದಿನ ದಿನವೇ ಪಟ್ಟಿ ಬರೆದಿಟ್ಟೆ: ದೊಡ್ಡ ಗುಡಿ, ಪೇಟೆ, ಹಳೆಯ ಕೋಟೆ, ಆನೆಕೆರೆ. ಅವ್ವ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು.

ಆರು ಗಂಟೆ ಹತ್ತು ನಿಮಿಷಕ್ಕೆ ಹುಬ್ಬಳ್ಳಿಯ ಕಡೆಯಿಂದ ಬರುವ ಮೋಟಾರು ಹತ್ತಿ ಎಂಟು ಗಂಟೆ ಐದಕ್ಕೆ ಹಾನಗಲ್ಲಿನಲ್ಲಿ ಇಳಿದೆ. ರಾಜಧಾನಿಯೆಂದರೆ ಏನೋ ಎಂದುಕೊಂಡಿದ್ದೆ. ಕಂಡದ್ದು ಭತ್ತದ ಗಾಡಿಗಳು, ಮಂಜಿನಲ್ಲಿ ಕೆಮ್ಮುವ ಎತ್ತುಗಳು, ಹೊಗೆಯಾಡುವ ಒಂದು ಚಹದ ಅಂಗಡಿ. ಇಷ್ಟೇ ಏನು ಎಂದುಕೊಳ್ಳುತ್ತ ಎಂಟೂವರೆಗೆ ತಾರಕೇಶ್ವರನ ಗುಡಿಯ ಅಂಗಳಕ್ಕೆ ಬಂದೆ.

ಗುಡಿ ಎಷ್ಟು ದೂರಕ್ಕೆ ಚಾಚಿಕೊಂಡಿದೆಯೆಂದು ಹೊರಗೆ ನಿಂತು ತಿಳಿಯಲಿಲ್ಲ. ಒಂದು ಮಂಟಪದ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಕಪ್ಪು ಹಸಿರು ಬೆರೆತ ಕಲ್ಲಿನ ಮೇಲೆ ಮಂಜಿನ ಹನಿ ಇಳಿಯುತ್ತಿತ್ತು. ಕಂಬಗಳನ್ನು ಎಣಿಸಲು ಪುಸ್ತಕ ತೆಗೆದೆ. ಅಷ್ಟರಲ್ಲಿ ಒಳಗಿನಿಂದ ಒಂದು ದನಿ ಬಂತು.

"ಬರ್ರಿ. ಬರಿಯೂದು ಆಮ್ಯಾಲೆ ಬರೀರಂತ. ಮೊದಲ ನೋಡ್ರಿ."

ಎತ್ತರದ ಮುದುಕ. ಎಡಭುಜ ಬಲಭುಜಕ್ಕಿಂತ ಒಂದು ಹಿಡಿ ತಗ್ಗು. ತಲೆಗೆ ಬಿಳಿ ರುಮಾಲು — ಆಗಷ್ಟೇ ಒಗೆದದ್ದು, ಇನ್ನೂ ಪೂರ್ತಿ ಒಣಗಿರಲಿಲ್ಲ. ಹೆಸರು ನಿಂಗಪ್ಪ, ಎಲ್ಲರೂ ಕರೆಯುವುದು ನಿಂಗಜ್ಜ ಎಂದ. ಹತ್ತು ವರ್ಷದಿಂದ ಯಾರೂ ಹೇಳದೆ, ಯಾರೂ ಏನೂ ಕೊಡದೆ ಈ ಗುಡಿಯನ್ನು ನೋಡಿಕೊಂಡಿದ್ದ. ಕಸ ಗುಡಿಸುತ್ತಿದ್ದ, ದನ ಅಟ್ಟುತ್ತಿದ್ದ, ಬಂದವರಿಗೆ ತೋರಿಸುತ್ತಿದ್ದ.

ಅವನು ತೋರಿಸುವ ರೀತಿಯೇ ಬೇರೆ. ನನ್ನನ್ನು ನಡುಮಂಟಪಕ್ಕೆ ಕರೆದೊಯ್ದು, "ಕಣ್ಣ ಮುಚ್ಚರಿ" ಎಂದ. ಮುಚ್ಚಿದೆ. "ಈಗ ಅಡ್ಡಾಗ್ರಿ."

"ಎಲ್ಲಿ?"

"ಇಲ್ಲೇ, ನೆಲದ ಮ್ಯಾಲೆ. ಅಂಗಿಗೆ ಧೂಳ ಹತ್ತೂದಿಲ್ಲ, ನಾ ಗುಡಿಸೇನಿ. ರಾಜಾ ಬಂದ್ರೂ ಹಿಂಗ ಮಲಗಸ್ತೇನಿ. ನೀವೇನ ರಾಜಾ ಅಲ್ಲಲ್ಲ?"

ತಣ್ಣನೆಯ ಕಲ್ಲಿನ ಮೇಲೆ ಅಂಗಾತ ಮಲಗಿದೆ. ತೆರೆಯಿರಿ ಎನ್ನಲೇ ಇಲ್ಲ. ತೆರೆಯಲೇ ಎಂದರೆ, "ತಡೀರಿ, ಬಿಸಲು ಇನ್ನೂ ಕಟ್ಟಿ ಹತ್ತಿಲ್ಲ" ಎಂದ. ಎಷ್ಟು ಹೊತ್ತಾಯಿತೋ ತಿಳಿಯದು. ಗಡಿಯಾರ ನೋಡದ ಹೊತ್ತು ಆ ದಿನ ಅದೊಂದೇ. ಆಮೇಲೆ ಮೆಲ್ಲಗೆ, "ಹ್ಞಾಂ" ಎಂದ.

ಕಣ್ಣು ತೆರೆದೆ — ಒಂದು ಕಮಲ ನನ್ನ ಮೇಲೆ ತೂಗುತ್ತಿತ್ತು. ಒಂದು ಮನೆಯಷ್ಟು ಅಗಲದ ಕಮಲ. ಎಸಳಿನ ಒಳಗೆ ಎಸಳು, ಅದರ ಒಳಗೆ ಮತ್ತೆ ಎಸಳು, ನಡುವಿನಿಂದ ಇಳಿಬಿದ್ದ ಮೊಗ್ಗು. ಹೊರಗಿನ ಬಿಸಿಲು ನೆಲಕ್ಕೆ ಬಡಿದು ಮೇಲಕ್ಕೆ ಹಾರಿ, ಕಲ್ಲಿನ ಅಂಚಂಚಿಗೆ ಹತ್ತಿಕೊಂಡಿತ್ತು. ಇದು ಕಲ್ಲು, ಇದು ಟನ್ನುಗಟ್ಟಲೆ ಭಾರ, ಇದು ಬೀಳಬೇಕು ಎಂದು ಬುದ್ಧಿ ಹೇಳುತ್ತಿತ್ತು. ಕಣ್ಣು ಒಪ್ಪುತ್ತಿರಲಿಲ್ಲ. ಇನ್ನೇನು ಅರಳಿಬಿಡುತ್ತದೆ ಎಂದು ಉಸಿರು ಹಿಡಿದು ಕಾದೆ. ಎಸಳುಗಳನ್ನು ಎಣಿಸಬೇಕೆಂಬ ನೆನಪೇ ಬರಲಿಲ್ಲ. ನನ್ನ ಕಣ್ಣಿನಿಂದ ನೀರು ಕಿವಿಗಿಳಿದದ್ದು ಎದ್ದು ಕುಳಿತಾಗಲೇ ತಿಳಿದದ್ದು.

ನಿಂಗಜ್ಜ ನೋಡಿಯೂ ನೋಡದವನ ಹಾಗೆ, "ಎಲ್ಲಾರಿಗೂ ಹಂಗ ಆಕ್ಕೈತಿ. ಧೂಳ ಇರಬೇಕು" ಎಂದ. ಸ್ವಲ್ಪ ಮುಂಚೆ ಧೂಳಿಲ್ಲ ಎಂದವನೂ ಅವನೇ.

ಆಮೇಲೆ ಕಂಬಗಳು. ಕುಂಬಾರನ ತಿಗರಿಯ ಮೇಲೆ ತಿರುಗಿಸಿದ ಹಾಗೆ ನುಣುಪು, ಕನ್ನಡಿಯ ಹಾಗೆ ಹೊಳಪು. ಒಂದರ ಮುಂದೆ ನನ್ನನ್ನು ನಿಲ್ಲಿಸಿ, "ಮಾರಿ ನೋಡ್ಕೋರಿ. ಮೀಸಿ ಇನ್ನೂ ಸರಿಯಾಗಿ ಚಿಗತಿಲ್ಲ ಅನ್ನೂದು ಕಂಬಕ್ಕೂ ಗೊತ್ತಾತು" ಎಂದು ನಕ್ಕ. ನಾನೂ ನಕ್ಕೆ. ಎಂಟು ನೂರು ವರ್ಷದ ಕೆಳಗೆ ಯಾವನೋ ಉಜ್ಜಿದ ಕಲ್ಲಿನೊಳಗೆ ನನ್ನ ಮುಖ — ಅದನ್ನು ಹೇಗೆ ಹೇಳಲಿ — ನನಗಾಗಿ ಅಷ್ಟು ಕಾಲ ಕಾದು ಕುಳಿತಂತೆ ಇತ್ತು.

ಗುಡಿಯ ಹಿಂದಿನ ಬಯಲಿನಲ್ಲಿ ಕಂಡದ್ದು ನನ್ನ ಈ ಬರಹಕ್ಕೆ ಕಾರಣವಾದ ಕಲ್ಲುಗಳು. ಅಲ್ಲಲ್ಲಿ ಬಿದ್ದಿದ್ದ ವೀರಗಲ್ಲು, ಒಡೆದ ವಿಗ್ರಹ, ಮುರಿದ ಕೆತ್ತನೆ, ಎಲ್ಲವನ್ನೂ ನಿಂಗಜ್ಜ ಹೊತ್ತು ತಂದು ಗೋಡೆಗುಂಟ ಸಾಲಾಗಿ ನಿಲ್ಲಿಸಿದ್ದ. ಒಂದೊಂದಕ್ಕೂ ಒಂದು ಹೆಸರಿಟ್ಟಿದ್ದ. ಕತ್ತಿ ಎತ್ತಿದವನು ಜಗಳಗಂಟ. ಕುದುರೆಯ ಮೇಲಿನವನು ಸಣ್ಣ ಮದುಮಗ. ತಲೆ ಹೋದ ಹೆಣ್ಣುವಿಗ್ರಹ ಮಾತಿಲ್ಲದಾಕಿ. "ನಮ್ಮನ್ಯಾಗ ಹಿಂತಾಕಿ ಒಬ್ಬಾಕಿ ಇದ್ದಿದ್ರ ಚಲೋ ಇತ್ತು" ಎಂದು ಕಣ್ಣು ಹೊಡೆದ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಗಂಗವ್ವ ಎಂಬ ಮಗಳ ಮನೆಯಲ್ಲಿ ಊಟ, ಗುಡಿಯಲ್ಲಿ ವಾಸ.

ಆ ದಿನ ಅವನು ರುಮಾಲು ಒಗೆದು ಕಟ್ಟಿದ್ದೇಕೆಂದು ಆಗ ಹೇಳಿದ. ಹಳೆಯ ಗುಡಿಗಳನ್ನು ನೋಡಿಕೊಳ್ಳುವ ಸರಕಾರದ ಸಾಹೇಬರೊಬ್ಬರು ಬರುವವರಿದ್ದರು. ಗುಡಿಗೊಬ್ಬ ಕಾವಲುಗಾರನನ್ನು ನೇಮಿಸುವುದಿತ್ತು. ನೇಮಕವಾದವನಿಗೆ ಹಿತ್ತಾಳೆಯ ಬಿಲ್ಲೆ.

"ಪಗಾರ ಎಷ್ಟರೆ ಕೊಡ್ಲಿ, ಬಿಡ್ಲಿ. ನನಗ ಬಿಲ್ಲಿ ಬೇಕು" ಎಂದ. "ಈಗ ಯಾರರೆ ಮನಿ ಪಾಯಾಕ್ಕ ಕಲ್ಲ ಬೇಕಂತ ಗಾಡಿ ತಂದ್ರ, ನಾ ಬ್ಯಾಡ್ರೋ ಅಂತೇನಿ. ನೀ ಯಾರೋ ಮುದುಕಾ ಅಂತಾರ. ಎದಿ ಮ್ಯಾಲೆ ಬಿಲ್ಲಿ ಇದ್ರ, ಯಾರು ಅಂತ ಕೇಳೂದಿಲ್ಲ. ಅಷ್ಟ ನೋಡ್ರಿ."

ನಾನು ಆ ಸಾಲನ್ನು ಎಣಿಸಿ ಪುಸ್ತಕದಲ್ಲಿ ಬರೆದೆ: ೧೦ ಗಂಟೆ ೪೦, ಗುಡಿಯ ಹಿಂದೆ, ಕಲ್ಲು ೪೨.

ಹನ್ನೊಂದಕ್ಕೆ ಸಾಹೇಬರು ಬಂದರು. ಜೊತೆಗೆ ಅವರ ಗುಮಾಸ್ತ, ಊರಿನ ಪಾಟೀಲರು, ಗುಡಿಯ ಪೂಜಾರಿ. ಪಾಟೀಲರು ನಿಂಗಜ್ಜನ ಪರವಾಗಿ ಮಾತನಾಡಿದರು: "ಹತ್ತ ವರ್ಷದಿಂದ ಬಿಟ್ಟಿ ಕಾಯಾಕತ್ತಾನ್ರಿ. ಇವನಿಗಿಂತಾ ನಂಬಿಗಸ್ತ ಸಿಗೂದಿಲ್ಲ." ಸಾಹೇಬರು ಒಪ್ಪಿದಂತೆಯೇ ಇತ್ತು. ಕಾವಲುಗಾರನ ಮುಖ್ಯ ಕೆಲಸ ಒಂದೇ ಎಂದರು. ವಾರಕ್ಕೊಮ್ಮೆ ಈ ಕಲ್ಲುಗಳನ್ನು ಎಣಿಸಿ ಪಾಟೀಲರಿಗೆ ವರದಿ ಒಪ್ಪಿಸಬೇಕು; ಒಂದು ಹೋದರೂ ತಿಳಿಯಬೇಕು. ಹಾಗೆಂದು ಸಹಜವಾಗಿ ಕೇಳಿದರು: "ಈಗ ಎಷ್ಟವ?"

"ನಲವತ್ತೊಂದ್ರಿ" ಎಂದ ನಿಂಗಜ್ಜ, ತಡವಿಲ್ಲದೆ.

ಗುಮಾಸ್ತ ಎಣಿಸಿದ. ನಲವತ್ತೆರಡು. ಸಾಹೇಬರು ಹುಬ್ಬು ಏರಿಸಿದರು. ಪುಸ್ತಕ ಹಿಡಿದು ನಿಂತಿದ್ದ ನನ್ನನ್ನು ಆಗ ಕಂಡರು. ಯಾರು, ಎಲ್ಲಿಯವನು ಎಂದು ಕೇಳಿ, ಪುಸ್ತಕ ಇಸಿದುಕೊಂಡು ನೋಡಿದರು. ಗೆರೆಗಳು, ಗಂಟೆ ನಿಮಿಷಗಳು, ದುಂಡಗಿನ ಅಕ್ಷರ. "ಶಾಬಾಸ್" ಎಂದರು. ಆ ಒಂದು ಮಾತಿಗೆ ನನ್ನ ಎದೆ — ಬರೆಯಲು ಈಗಲೂ ನಾಚಿಕೆ — ಗುಡಿಯ ಕಮಲ ಕಂಡಾಗಿನಷ್ಟೇ ಉಬ್ಬಿತು. "ನೀವೂ ನಲವತ್ತೆರಡು ಬರದೀರಿ. ಮತ್ತ ಇವಾ?" ಎಂದು ಸಾಹೇಬರು ಕೇಳಿದರು.

ನಿಂಗಜ್ಜ ಮತ್ತೆ ಎಣಿಸಿ ತೋರಿಸಲು ಹೊರಟ. ಸಾಲಿನ ಮೊದಲಿನ ಕಲ್ಲನ್ನು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡ. ಆಮೇಲೆ ಒಂದೊಂದನ್ನೇ ಮುಟ್ಟುತ್ತ, ತುಟಿಯಲ್ಲಿ ಗುಣುಗುಡುತ್ತ ನಡೆದ. ಕಿವಿಗೊಟ್ಟಿದ್ದರೆ ಅವನು ಅನ್ನುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಆ ಹೊತ್ತಿಗೆ ನಾನು ಗುಮಾಸ್ತನ ಜೊತೆ ಮುಸಿಮುಸಿ ನಗುತ್ತಿದ್ದೆ. ಕೊನೆಯ ಕಲ್ಲು ಮುಟ್ಟಿ ತಿರುಗಿ ನಿಂತ. "ನಲವತ್ತೊಂದ್ರಿ. ದೇವರದು ಬಿಟ್ಟ—"

ಅವನ ಮಾತು ಮುಗಿಯಗೊಡಲಿಲ್ಲ. ನಾನು ಎಂದೆ:

"ದೇವರು ಎಣಿಸೂದಿಲ್ಲ ಅಜ್ಜಾ, ನೀನ ಎಣಿಸಬೇಕು. ಸಾಹೇಬ್ರ, ಈತಗ ಎಣಿಕಿ ಬರೂದಿಲ್ಲರಿ."

ಎಲ್ಲರೂ ನಕ್ಕರು. ಪಾಟೀಲರೂ ನಕ್ಕರು — ಅವನ ಪರ ಮಾತಾಡಿದವರೇ ನಕ್ಕ ಮೇಲೆ ಮುಗಿಯಿತು. ನಿಂಗಜ್ಜ ನನ್ನ ಕಡೆ ನೋಡಿದ. ಸಿಟ್ಟಿರಲಿಲ್ಲ. ಬೆಳಿಗ್ಗೆ ತಾನು ಮಲಗಿಸಿದ ಹುಡುಗ ಇವನೇ ಹೌದೋ ಅಲ್ಲವೋ ಎಂದು ಗುರುತು ಹಿಡಿಯುವವನ ಹಾಗೆ ನೋಡಿದ. ಅವನು ಯಾಕೆ ಮತ್ತೆ ಬಾಯಿ ತೆರೆಯಲಿಲ್ಲ ಎಂದು ಬಹಳ ಯೋಚಿಸಿದ್ದೇನೆ. ನಗುವವರಿಗೆ ದೇವರ ಮಾತು ಬಿಡಿಸಿ ಹೇಳುವುದು ಅವನಿಗೆ ಬೇಡವೆನಿಸಿರಬೇಕು — ಇದು ನನ್ನ ಊಹೆ, ಅಷ್ಟೆ.

"ವಿಶ್ವಾಸ ಅದ, ಖರೆ. ಆದ್ರ ಎಣಿಸಾಕ ಬರದಾಂವ ಏನ ಕಾಯ್ತಾನ?" ಎಂದರು ಸಾಹೇಬರು. ಕಲ್ಲುಗಳ ಪಟ್ಟಿಯನ್ನು ನನ್ನ ಕೈಯಲ್ಲೇ ಚೊಕ್ಕ ಬರೆಸಿದರು. ಕೆಳಗೆ 'ಒಟ್ಟು ೪೨, ಎಣಿಸಿದವರು' ಎಂದು ಬರೆದು ನಾನು ರುಜು ಮಾಡಿದೆ. ನನ್ನ ಹೆಸರನ್ನು ಅವರ ಡೈರಿಯಲ್ಲಿ ಬರೆದುಕೊಂಡು, ಮಾಸ್ತರಿಕೆಗೆ ಒಂದು ಮಾತು ಹೇಳುತ್ತೇನೆ ಎಂದರು. ಮೂರು ಗಂಟೆಯವರೆಗೆ ಸರಕಾರಿ ಬಂಗಲೆಯಲ್ಲಿ ಇರುತ್ತೇನೆ, ಬೇಕಾದರೆ ಬಂದು ಕಾಣಿ ಎಂದೂ ಹೇಳಿದರು. ಹನ್ನೊಂದೂ ಮುಕ್ಕಾಲಿಗೆ ಎಲ್ಲ ಮುಗಿಯಿತು. ಹೊರಡುವಾಗ ತಿರುಗಿ ನೋಡಿದೆ: ನಿಂಗಜ್ಜ ಕಸಬರಿಗೆ ಹಿಡಿದು, ನಾವೆಲ್ಲ ತುಳಿದ ಜಾಗ ಗುಡಿಸುತ್ತಿದ್ದ.

ಪೇಟೆ ಸುತ್ತಾಡಿದೆ. ಒಂದು ಗಂಟೆ ದಾಟಿದ ಮೇಲೆ, ಭತ್ತದ ವ್ಯಾಪಾರಿಗಳ ಬಯಲಿನಲ್ಲಿ ಮರದ ನೆರಳು ಕಂಡು ರೊಟ್ಟಿ ಬಿಚ್ಚಿದೆ. ಎದುರಿಗೆ ಹೊಸ ಭತ್ತದ ರಾಶಿ. ಒಬ್ಬ ಗಟ್ಟಿ ಆಳು ಮೊಳಕಾಲೂರಿ ಕುಳಿತು ಕೊಳಗದಿಂದ ಅಳೆಯುತ್ತಿದ್ದ. ಮೊದಲ ಕೊಳಗ ತುಂಬಿ, "ದೇವರದೂ" ಎಂದು ರಾಗವಾಗಿ ಹೇಳಿ ಬೇರೆ ಮೊರಕ್ಕೆ ಸುರಿದ. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಎರಡನೆಯ ಕೊಳಗಕ್ಕೆ, "ಲಾಭಾ... ಲಾಭಾ..." ಎಂದ. ಅದು ಒಂದು. ಆಮೇಲೆ "ಎರಡೂ... ಎರಡೂ..."

ರೊಟ್ಟಿಯ ತುತ್ತು ನನ್ನ ಬಾಯಲ್ಲೇ ನಿಂತಿತು.

ಇದನ್ನು ನಾನು ಅರಿಯೆನೇ? ತಡಸದ ನಮ್ಮ ಕಣದಲ್ಲಿ ಪ್ರತಿ ಸುಗ್ಗಿಯಲ್ಲೂ ಅಪ್ಪ ಹೀಗೆಯೇ ಅಳೆಸುತ್ತಾನೆ. ದೇವರ ಕೊಳಗದ ಮೊರ ಹೊತ್ತು ಮನೆಗೆ ಒಯ್ಯುವುದು ಚಿಕ್ಕಂದಿನಿಂದ ನನ್ನದೇ ಕೆಲಸ. ಊರಿನ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಆದರೆ ಗುಡಿಯ ಅಂಗಳದಲ್ಲಿ, ಪುಸ್ತಕ ಹಿಡಿದು ನಿಂತಾಗ — ನಾನು ಆ ಕಣದವನಾಗಿರಲಿಲ್ಲ. ಸಾಹೇಬರ ಕಡೆಯವನಾಗಿದ್ದೆ.

ಅಳೆಯುವವನು ಬೀಡಿ ಹಚ್ಚಲು ನಿಂತಾಗ ಹತ್ತಿರ ಹೋಗಿ ಕೇಳಿದೆ: "ಗುಡಿ ನಿಂಗಜ್ಜ ಗೊತ್ತೇನ್ರಿ?"

"ಅಯ್ಯ, ನಮ್ಮ ಗುರೂನ ಆತ!" ಎಂದ. "ಇದ ಕೊಳಗಾ ಮೂವತ್ತ ವರ್ಷ ಹಿಡದಾನ. ಒಂದ ಭುಜಾ ಇಳದಿದ್ದು ಅದಕ್ಕ. ಏನ ಎಣಿಸಿದ್ರೂ ಆತಂದು ಇದ ಲೆಕ್ಕಾ. ಮದುವ್ಯಾಗ ಎಲಿ ಎಣಿಸೋ ಅಂದ್ರ ಮೊದಲನೇ ಎಲಿ ದೇವರದು ಅಂತ ಬಿಡ್ತಾನ. ಮಗಳ ಮನ್ಯಾಗ ಮೊಮ್ಮಕ್ಕಳು ನಾಕ ಮಂದಿ. ಕೇಳ್ರಿ, ಮೂರ ಅಂತಾನ!" ಎಂದು ಗಹಗಹಿಸಿ ನಕ್ಕ. ಆಮೇಲೆ ಕೇಳಿದ: "ನೀವ ಗುಡಿಯಿಂದ ಬಂದ್ರೇನ? ಇವತ್ತ ಬಿಲ್ಲಿ ಕೊಡ್ತಾರಂತ, ನಸುಕಿನ್ಯಾಗ ಎದ್ದ ರುಮಾಲು ಒಗೆಯಾಕತ್ತಿದ್ದ. ಸಿಕ್ತೇನ್ರಿ?"

"ಗೊತ್ತಿಲ್ಲರಿ" ಎಂದೆ.

ಇದು ಎರಡನೆಯ ತಪ್ಪು. ಮೊದಲನೆಯದು ತಿಳಿಯದೆ ಆಡಿದ ಮಾತು ಎನ್ನಬಹುದಿತ್ತೇನೋ. ಇದು ತಿಳಿದೇ ಆಡಿದ್ದು. ಅಂದಿನ ದಿನಚರಿಯಲ್ಲಿ ನಾನು ಈ ಮಾತನ್ನು ಬರೆಯಲಿಲ್ಲ. ಒಂದು ಗಂಟೆ ಮೂವತ್ತೈದು ಎಂದು ಗಂಟೆ ಬರೆದಿದ್ದೇನೆ, ಸ್ಥಳ ಬರೆದಿದ್ದೇನೆ. ಎಣಿಕೆಯ ಮನೆ ಖಾಲಿ ಬಿಟ್ಟಿದ್ದೇನೆ.

ಸಾಹೇಬರು ಮೂರರವರೆಗೆ ಬಂಗಲೆಯಲ್ಲಿ. ಪೇಟೆಯಿಂದ ಬಂಗಲೆಗೆ ಹೆಚ್ಚೆಂದರೆ ಕಾಲು ಗಂಟೆಯ ನಡಿಗೆ. ಹೋಗಿ ಹೇಳಬೇಕಾದದ್ದು ಎರಡೇ ಮಾತು. ಕಾಲು ಆ ಕಡೆಗೆ ಹೊರಟದ್ದೂ ನಿಜ. ಆದರೆ ನಡೆಯುತ್ತ ನಡೆಯುತ್ತ, 'ಶಾಬಾಸ್' ಎಂದ ಬಾಯಿ ಈಗ ಏನೆಂದೀತು ಎಂದುಕೊಂಡೆ. ಚೊಕ್ಕ ಬರೆದ ಪಟ್ಟಿ, ನನ್ನ ರುಜು, ಡೈರಿಯಲ್ಲಿ ನನ್ನ ಹೆಸರು... ನಲವತ್ತೆರಡು ಎಂಬುದೇನೂ ಸುಳ್ಳಲ್ಲವಲ್ಲ, ಕಲ್ಲು ಇರುವುದು ಅಷ್ಟೇ ಅಲ್ಲವೇ, ಎಂದೂ ಅಂದುಕೊಂಡೆ. ಕವಲು ಬಂತು. ಬಲಕ್ಕೆ ಬಂಗಲೆ. ನನ್ನ ಪಟ್ಟಿಯಲ್ಲಿ ಇನ್ನೂ ಎರಡು ಸ್ಥಳ ಉಳಿದಿದ್ದವು. ಎಡಕ್ಕೆ ತಿರುಗಿದೆ.

ಹೌದು, ನಾನು ಊರು ನೋಡಲು ಹೋದೆ.

ಹೆಚ್ಚು ನೋವಾಗುವ ಸಂಗತಿಯೆಂದರೆ, ಅಲ್ಲಿಯೂ ನನಗೆ ಬೆರಗಾಯಿತು. ಕೋಟೆಯ ಮಣ್ಣಿನ ದಿಬ್ಬಗಳ ಮೇಲೆ ಕುರುಚಲು ಬೆಳೆದು, ಆಡುಗಳು ಮೇಯುತ್ತಿದ್ದವು. ಒಂದು ದಿಬ್ಬದ ಮೇಲೆ ಹತ್ತಿ ನಿಂತಾಗ ಹಳೆಯ ಪಟ್ಟಣದ ಅಂಕುಡೊಂಕು ಪೂರ್ತಿ ಕಣ್ಣಿಗೆ ಬಿತ್ತು — ಇಷ್ಟು ದೂರ ಊರು, ಇಷ್ಟು ದೂರ ಕಂದಕ, ಇಲ್ಲಿ ಬಾಗಿಲು ಇದ್ದಿರಬೇಕು. ಒಂದು ಕಾಲಕ್ಕೆ ಆನೆಗಳು ನಡೆದ ದಾರಿಯಲ್ಲಿ ಈಗ ಒಬ್ಬಳು ಕಟ್ಟಿಗೆ ಹೊರೆ ಹೊತ್ತು ನಡೆಯುತ್ತಿದ್ದಳು. ಆನೆಕೆರೆಯ ನೀರು ಆಕಾಶಕ್ಕಿಂತ ದೊಡ್ಡದಾಗಿ ಹರಡಿತ್ತು. ಏರಿಯ ಮೇಲೆ ಕುಳಿತು, ಈ ನೀರನ್ನು ತಡೆದು ನಿಲ್ಲಿಸಿದವರ ಹೆಸರೂ ಯಾರಿಗೂ ತಿಳಿಯದಲ್ಲ ಎಂದು ನೆನೆದೆ. ಮನಸ್ಸು ತುಂಬಿ ಬಂತು. ಒಬ್ಬನ ಹೆಸರನ್ನು ಮೂರು ಗಂಟೆಯ ಹಿಂದೆ ನಾನೇ ಅಳಿಸಿ ಬಂದು, ಸತ್ತವರ ಹೆಸರಿಗಾಗಿ ಕಣ್ಣು ತುಂಬಿಕೊಂಡು ಕುಳಿತಿದ್ದೆ.

ಮೂರು ಗಂಟೆ ಹತ್ತು ನಿಮಿಷಕ್ಕೆ ಸಾಹೇಬರ ಮೋಟಾರು ಆ ಏರಿಯ ದಾರಿಯಲ್ಲೇ ಹೋಯಿತು. ನನ್ನನ್ನು ಕಂಡು ಅವರು ಕೈ ಎತ್ತಿದರು. ನಾನೂ ಎತ್ತಿದೆ. ಧೂಳು ಇಳಿಯುವವರೆಗೆ ಕೈ ಮೇಲೆಯೇ ಇತ್ತು.

ನಾಲ್ಕೂವರೆಯ ಮೋಟಾರಿಗೆ ಇನ್ನೂ ಹೊತ್ತಿತ್ತು. ಗುಡಿಗೆ ಹೋಗಿ ಮುದುಕನಿಗಾದರೂ ಹೇಳಬಹುದಿತ್ತು. ಬೇರೆ ಓಣಿ ಹಿಡಿದು, ಗುಡಿ ಕಾಣದ ಹಾಗೆ ನಡೆದು, ಮೋಟಾರು ನಿಲ್ಲುವಲ್ಲಿಗೆ ಬಂದೆ.

ಆ ವರ್ಷವೇ ನನಗೆ ಶಾಲೆಯಲ್ಲಿ ಕೆಲಸ ಸಿಕ್ಕಿತು. ಸಾಹೇಬರ ಮಾತಿನಿಂದ ಸಿಕ್ಕಿತೆಂದು ಹೇಳಲಾರೆ, ಅದರಿಂದಲ್ಲವೆಂದೂ ಹೇಳಲಾರೆ. ಮೂರು ವರ್ಷ ಹಾನಗಲ್ಲಿನ ಕಡೆ ಸುಳಿಯಲಿಲ್ಲ.

೧೯೪೦ರ ಮಾರ್ಚಿನಲ್ಲಿ ಹೋದೆ. ಗುಡಿಯ ಒಳಗೆ ಬಾವಲಿ ಹಿಕ್ಕೆ. ಹಿಂದಿನ ಬಯಲಿನಲ್ಲಿ ದನ ಕಟ್ಟಿದ್ದರು. ಕಲ್ಲುಗಳನ್ನು ಎಣಿಸಿದೆ: ಮೂವತ್ತಾರು. ಸಣ್ಣ ಮದುಮಗನಿದ್ದ. ಜಗಳಗಂಟ ಇರಲಿಲ್ಲ. ಮಾತಿಲ್ಲದಾಕಿ ಇರಲಿಲ್ಲ. ಅವಳನ್ನು ಹತ್ತಿರದ ಒಂದು ಓಣಿಯಲ್ಲಿ ಕಂಡೆ — ಬಚ್ಚಲ ಬಾಯಿಗೆ ಕವುಚಿ ಹಾಕಿದ್ದರು, ಬೆನ್ನಿನ ಜಡೆಯಿಂದ ಗುರುತು ಸಿಕ್ಕಿತು. ಆ ಮನೆಯವರನ್ನು ಕೇಳುವ ಹಕ್ಕು ನನಗಿದೆ ಎನಿಸಲಿಲ್ಲ.

ಪೂಜಾರಿ ನನ್ನ ಗುರುತು ಹಿಡಿಯಲಿಲ್ಲ. ನಿಂಗಜ್ಜನ ವಿಷಯ ಕೇಳಿದ್ದಕ್ಕೆ ಹೇಳಿದ: "ಆ ಜಾಗಾಕ್ಕ ಯಾರನ್ನೂ ತುಂಬಲಿಲ್ಲರಿ. ಮುದುಕ ಸಾಹೇಬ್ರು ಬಂದ ದಿನ ಪೂರ್ತಿ ಗುಡಿ ಗುಡಿಸಿ, ಕಸಬರಿಗಿ ನನ್ನ ಕೈಯಾಗ ಕೊಟ್ಟ ಹೋದ. ಯಾಕೋ ಅಂದ್ರ, ಭುಜಾ ನೋಯತೈತಿ ಅಂದ. ಆಮ್ಯಾಲೆ ಮಗಳು ಅಳಿಯಾ ಎಲಿ ತೋಟದ ಕೆಲಸಕ್ಕ ಸವಣೂರ ಕಡೆ ಹೋದ್ರು. ಇವನೂ ಹೋದ. ಯಾರಿಗೂ ಏನೂ ಹೇಳ್ಲಿಲ್ಲ ನೋಡ್ರಿ."

ಆ ರಾತ್ರಿ ಮನೆಗೆ ಬಂದು ಹಳೆಯ ಗುಡಿಗಳ ಆ ಸರಕಾರಿ ಕಚೇರಿಗೆ ಕಾಗದ ಬರೆದೆ. ಎಣಿಕೆ ಬಾರದವನು ನಿಂಗಪ್ಪನಲ್ಲ, ಕೇಳಿಸಿಕೊಳ್ಳಲು ಬಾರದವನು ನಾನು. ಅವನ ಲೆಕ್ಕದಲ್ಲಿ ಮೊದಲ ಕಲ್ಲು ದೇವರಿಗೆ ಬಿಟ್ಟದ್ದು. ನನ್ನ ರುಜುವನ್ನು ಹೊಡೆದುಹಾಕಿ ಎಂದು ಬರೆದೆ. ಉತ್ತರವಿಲ್ಲ. ಮುಂದಿನ ವರ್ಷ ಮತ್ತೆ ಬರೆದೆ. ಆ ಸಾಹೇಬರು ಅಲ್ಲಿಲ್ಲ, ಕಾಗದಪತ್ರ ಸಿಗುತ್ತಿಲ್ಲ ಎಂದು ಯಾರೋ ಎರಡು ಸಾಲು ಬರೆದರು.

೧೯೪೩ರಲ್ಲಿ ಸವಣೂರಿಗೆ ಹೋದೆ. ಅದೂ ನವಾಬರ ರಾಜಧಾನಿಯೇ. ಹತ್ತು ಜನ ಕೈಕೈ ಹಿಡಿದರೂ ತಬ್ಬಲಾಗದ, ಊರವರು ದೊಡ್ಡ ಹುಣಸೆ ಎನ್ನುವ ಮರಗಳನ್ನು ಅಲ್ಲಿ ಕಂಡೆ. ಬುಡದಲ್ಲಿ ನಿಂತು ಕತ್ತು ಎತ್ತಿದಾಗ ಮೈ ಜುಮ್ಮೆಂದಿತು, ಸುಳ್ಳಲ್ಲ. ಆದರೆ ನೋಡಲು ಹೇಳಿಕೊಟ್ಟವನು ಪಕ್ಕದಲ್ಲಿ ಇರಲಿಲ್ಲ. ವೀಳ್ಯದೆಲೆಯ ತೋಟಗಳನ್ನೆಲ್ಲ ಸುತ್ತಿ ಕೇಳಿದೆ. ಭುಜ ಇಳಿದ ಒಬ್ಬ ಮುದುಕ ಇದ್ದದ್ದು ಹೌದು, ಎಲೆಯ ಕಟ್ಟು ಎಣಿಸುತ್ತಿದ್ದ, ಒಂದು ವರ್ಷದ ಹಿಂದೆ ಆ ಮನೆಯವರು ರಟ್ಟೀಹಳ್ಳಿಯ ಕಡೆ ಹೋದರು ಎಂದರು. ಈಗ ನಾನು ಹಿರೇಕೆರೂರಿನಲ್ಲಿ ಮಾಸ್ತರ; ರಟ್ಟೀಹಳ್ಳಿ ದೂರವೇನಲ್ಲ. ಏಳು ಸಲ ಹೋಗಿ ಕೇಳಿದ್ದೇನೆ. ಸುಳಿವು ಸಿಕ್ಕಿಲ್ಲ.

ಒಬ್ಬನೇ ಹುಡುಕಿದರೆ ಸಾಲದೆಂದು ತಿಳಿದು ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಓದುಗರಲ್ಲಿ ಯಾರಿಗಾದರೂ ಈ ನಿಂಗಪ್ಪನ ವಿಷಯ ತಿಳಿದಿದ್ದರೆ, ಈ ಪತ್ರಿಕೆಯ ಮೂಲಕ ನನಗೆ ಒಂದು ಕಾರ್ಡು ಬರೆಯಿರಿ. ಬದುಕಿದ್ದರೆ ಎಂಬತ್ತರ ಹತ್ತಿರ ಇರಬೇಕು. ಇದನ್ನು ಮಾತ್ರ ಅವನಿಗೆ ಓದಿ ಹೇಳಬೇಡಿ. ಊರಿನ ಹೆಸರು ತಿಳಿಸಿದರೆ ಸಾಕು. ನಾನೇ ಬಂದು, ಅವನ ಮನೆಯವರೆಲ್ಲರ ಎದುರಿಗೆ, ನನ್ನ ಬಾಯಿಂದಲೇ ಹೇಳುತ್ತೇನೆ.

ಅವನು ಇಲ್ಲವೆಂದಾಗಿದ್ದರೆ, ಮಗಳು ಗಂಗವ್ವ ಇರುವ ಊರು ತಿಳಿಸಿ. ಆ ದಿನ ಅಪ್ಪ ಬಿಲ್ಲೆಯಿಲ್ಲದೆ ಯಾಕೆ ಮನೆಗೆ ಬಂದ ಎಂದು ಅವಳಿಗೆ ಇಂದಿಗೂ ಗೊತ್ತಿರಲಾರದು.